ಭೂಗರ್ಭದಲ್ಲಿ ಜಲಜನಕದ ಸಂಗ್ರಹ

ಜಲಜನಕ ಅಥವಾ ಹೈಡ್ರೋಜನ್ ಅನಿಲವನ್ನು ನೆಲದಾಳದ ಉಪ್ಪಿನ ಪದರ, ಬರಿದಾದ ಅನಿಲ ನಿಕ್ಷೇಪ, ನೀರು ತುಂಬಿದ ಮರಳುಗಲ್ಲು ಅಥವಾ ಬಂಡೆ ಕೊರೆದ ಗುಹೆಗಳಲ್ಲಿ ಕೂಡಿಡುವ ವಿಧಾನ. ಗಾಳಿ, ಬಿಸಿಲು ಹೆಚ್ಚಿದ್ದಾಗ ಮಿಗುವ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತಯಾರಿಸಿ, ತಿಂಗಳುಗಟ್ಟಲೆ ಇಟ್ಟುಕೊಂಡು ಬಳಸುವುದು ಇದರ ಇಂದಿನ ಉದ್ದೇಶ. ಆದರೆ ಇದನ್ನು ಮೊದಲು ರೂಢಿಗೆ ತಂದವರು ವಿದ್ಯುತ್ ಕ್ಷೇತ್ರದವರಲ್ಲ. ಊರಿನ ಒಲೆಗಳಿಗೆ ಅನಿಲ ಪೂರೈಸುತ್ತಿದ್ದವರು ಮತ್ತು ರಾಸಾಯನಿಕ ಕಾರ್ಖಾನೆಗಳು.

ವಿದ್ಯುತ್ತಿನ ನಂಟನ್ನು ಬಹಳ ಮೊದಲೇ ಊಹಿಸಿದವರು ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಈ ಜೀವವಿಜ್ಞಾನಿ, 1923ರಲ್ಲಿ ಕೇಂಬ್ರಿಜ್‌ನ ಉಪನ್ಯಾಸವೊಂದರಲ್ಲಿ, ಇಂಗ್ಲೆಂಡಿನ ತುಂಬ ಗಾಳಿಯಂತ್ರಗಳು ತಿರುಗುವ, ಅವುಗಳ ವಿದ್ಯುತ್ತಿನಿಂದ ಪಡೆದ ಜಲಜನಕವನ್ನು ದ್ರವವಾಗಿಸಿ ನೆಲದಡಿಯ ತೊಟ್ಟಿಗಳಲ್ಲಿಡುವ ಕಾಲವನ್ನು ಬಣ್ಣಿಸಿದರು. ಅದಕ್ಕೆ ಅವರು ಕೊಟ್ಟ ಗಡುವು ನಾನೂರು ವರ್ಷ.

ಅನಿಲ ರೂಪದ ಸಂಗ್ರಹ ಅಷ್ಟು ಕಾಯಲಿಲ್ಲ. ಕಲ್ಲಿದ್ದಲಿನಿಂದ ತಯಾರಾಗುತ್ತಿದ್ದ ಟೌನ್ ಗ್ಯಾಸ್‌ನಲ್ಲಿ ಸುಮಾರು ಅರ್ಧ ಭಾಗ ಜಲಜನಕವೇ ಇರುತ್ತಿತ್ತು. ಚಳಿಗಾಲದ ಬೇಡಿಕೆಗಾಗಿ ಅದನ್ನು ಫ್ರಾನ್ಸಿನ ಬೇನ್‌ನಲ್ಲಿ 1956ರಿಂದ, ಬರ್ಲಿನ್ ಬಳಿಯ ಕೆಟ್ಸಿನ್‌ನಲ್ಲಿ 1964ರಿಂದ ನೀರಿನ ಪದರಗಳಿಗೆ ತುಂಬಲಾಯಿತು. ಕೆಟ್ಸಿನ್‌ನಲ್ಲಿ ಅನಿಲ ಸೋರಿ, ಅದರಲ್ಲಿದ್ದ ವಿಷಕಾರಿ ಕಾರ್ಬನ್ ಮಾನಾಕ್ಸೈಡ್‌ನ ಭಯದಿಂದ ಪಕ್ಕದ ಕ್ನೋಬ್‌ಲೌಖ್ ಎಂಬ ಹಳ್ಳಿಯನ್ನೇ ಒಕ್ಕಲೆಬ್ಬಿಸಬೇಕಾಯಿತು. ಸಂಗ್ರಹಾಗಾರದ ಯಶಸ್ಸನ್ನು ಹೇಳುವ ಬರಹಗಳು ಈ ಹಳ್ಳಿಯ ಹೆಸರನ್ನು ಎತ್ತುವುದು ಕಡಿಮೆ.

ಚೆಕೊಸ್ಲೊವಾಕಿಯಾದ ಲೊಬೊಡಿಟ್ಸೆಯಲ್ಲಿ ಕಂಡದ್ದು ಬೇರೆಯೇ. ಏಳು ತಿಂಗಳು ಒಳಗಿದ್ದ ಅನಿಲವನ್ನು ಪರೀಕ್ಷಿಸಿದಾಗ ಜಲಜನಕದ ಪಾಲು ಶೇ. 54ರಿಂದ 37ಕ್ಕೆ ಇಳಿದಿತ್ತು. ಮೀಥೇನ್ ಸುಮಾರು ಶೇ. 22ರಿಂದ 40ಕ್ಕೆ ಏರಿತ್ತು. ಶಿಲಾಪದರದ ನೀರಿನಲ್ಲಿದ್ದ ಮೀಥೇನ್‌ಜನಕ ಸೂಕ್ಷ್ಮಜೀವಿಗಳು ಜಲಜನಕವನ್ನು ಇಂಗಾಲದ ಆಕ್ಸೈಡುಗಳೊಡನೆ ಸೇರಿಸಿ ಜೀರ್ಣಿಸಿಕೊಂಡಿದ್ದವು. 1990ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ರಂಧ್ರಮಯ ಶಿಲೆಯಲ್ಲಿ ಜಲಜನಕವಿಡಲು ಹೊರಟ ಯಾರೂ ಇಂದು ಬದಿಗಿಡುವಂತಿಲ್ಲ.

ಹೆಚ್ಚುಕಡಿಮೆ ಶುದ್ಧವಾದ ಜಲಜನಕದ ಸಂಗ್ರಹ ಸಾಗಿದ್ದು ಉಪ್ಪಿನ ಗುಹೆಗಳಲ್ಲಿ. ಕೊಳವೆ ಇಳಿಸಿ ಸಿಹಿನೀರು ಹಾಯಿಸಿದರೆ ಉಪ್ಪು ಕರಗಿ ಮೇಲೆ ಬರುತ್ತದೆ. ಉಳಿಯುವ ಪೊಳ್ಳಿನ ಗೋಡೆಯನ್ನು ಅನಿಲ ಸುಲಭಕ್ಕೆ ದಾಟಲಾರದು. ಇಂಗ್ಲೆಂಡಿನ ಟೀಸೈಡ್‌ನಲ್ಲಿ ಐಸಿಐ ಕಂಪನಿ 1972ರಿಂದ ಬಳಸತೊಡಗಿದ ಮೂರು ಗುಹೆಗಳು ತಲಾ ಸುಮಾರು 70,000 ಘನ ಮೀಟರಿನವು. ಇವುಗಳಲ್ಲಿ ಒತ್ತಡ ಸದಾ 45 ಬಾರ್ ಆಸುಪಾಸು. ಅನಿಲ ಒಳಹೊಕ್ಕಂತೆ ಅಡಿಯ ಉಪ್ಪುನೀರು ಮೇಲಿನ ಕೊಳಕ್ಕೆ ಬರುತ್ತದೆ, ಅನಿಲ ಬೇಕೆಂದಾಗ ಅದೇ ನೀರನ್ನು ಮತ್ತೆ ಕೆಳಗಿಳಿಸುತ್ತಾರೆ. ಹಾಗಾಗಿ ಗುಹೆಯಲ್ಲಿ ಒತ್ತಡಕ್ಕೆಂದೇ ಕಾಯಂ ಅನಿಲ ಉಳಿಸಿಕೊಳ್ಳುವ ಅಗತ್ಯ ಬೀಳುವುದಿಲ್ಲ.

ಅಮೆರಿಕದ ಟೆಕ್ಸಾಸ್‌ನಲ್ಲಿ ಕ್ಲೆಮೆನ್ಸ್ (1983), ಮಾಸ್ ಬ್ಲಫ್ (2007) ಮತ್ತು ಸ್ಪಿಂಡಲ್‌ಟಾಪ್ ಗುಹೆಗಳು ಇದಕ್ಕಿಂತ ಆಳ, ದೊಡ್ಡವು. ಸ್ಪಿಂಡಲ್‌ಟಾಪ್ 1901ರಲ್ಲಿ ತೈಲ ಚಿಮ್ಮಿ ಹೆಸರಾದ ಉಪ್ಪಿನ ಗುಡ್ಡವೇ. ಇವೆಲ್ಲ ತೈಲ ಶುದ್ಧೀಕರಣ, ರಾಸಾಯನಿಕ ಘಟಕಗಳಿಗೆ ಅನಿಲ ತಪ್ಪದಂತೆ ನೋಡಿಕೊಳ್ಳುವ ದಾಸ್ತಾನುಗಳು. ಇವುಗಳ ದಶಕಗಳ ಅನುಭವವನ್ನು ವಿದ್ಯುತ್ ಜಾಲಕ್ಕೆ ನೇರವಾಗಿ ಅನ್ವಯಿಸುವುದು ಆತುರವಾದೀತು: ದಿನಕ್ಕೆ ಹಲವು ಬಾರಿ ತುಂಬಿ ತೆಗೆದರೆ ಉಪ್ಪಿನ ಗೋಡೆ ಹೇಗೆ ವರ್ತಿಸೀತು ಎಂಬುದು ಬೇರೆಯೇ ಪರೀಕ್ಷೆ. ಅಲ್ಲದೆ ಒಂದೇ ಒತ್ತಡದಲ್ಲಿ ಜಲಜನಕ ಹೊರುವ ಶಕ್ತಿ ನೈಸರ್ಗಿಕ ಅನಿಲದ ಸುಮಾರು ಮೂರನೇ ಒಂದು ಪಾಲು ಮಾತ್ರ.

ಶಕ್ತಿ ಪೂರೈಕೆಯನ್ನೇ ಗುರಿಯಾಗಿಟ್ಟ ಯೋಜನೆಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಡೆಲ್ಟಾ ದೊಡ್ಡದು: 220 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದ್ವಿಭಜನೆ ಘಟಕ, ಎರಡು ಉಪ್ಪಿನ ಗುಹೆ, ಒಟ್ಟು 300 ಗಿಗಾವ್ಯಾಟ್-ಗಂಟೆ ಸಂಗ್ರಹ. ಆಸ್ಟ್ರಿಯಾದ ರೂಬೆನ್ಸ್‌ಡಾರ್ಫ್‌ನಲ್ಲಿ 2023ರಿಂದ ಬರಿದಾದ ಅನಿಲ ನಿಕ್ಷೇಪವೊಂದರಲ್ಲಿ ಶುದ್ಧ ಜಲಜನಕದ ಪ್ರಯೋಗ ನಡೆದಿದೆ.

ಉಪ್ಪಿನ ಪದರವಿಲ್ಲದ ಗಟ್ಟಿ ಶಿಲೆಯ ನಾಡುಗಳಿಗೆ ಸ್ವೀಡನ್ನಿನ ಲೂಲಿಯೊ ಮಾದರಿ. ಅಲ್ಲಿ ಹೈಬ್ರಿಟ್ ಉಕ್ಕು ಯೋಜನೆಗಾಗಿ ನೆಲದಿಂದ 30 ಮೀಟರ್ ಕೆಳಗೆ, ಬಂಡೆ ಕೊರೆದು ಉಕ್ಕಿನ ಒಳಕವಚ ಹೊದಿಸಿದ 100 ಘನ ಮೀಟರ್ ಗುಹೆ 2022ರಲ್ಲಿ ಕೆಲಸ ಆರಂಭಿಸಿತು. ಒತ್ತಡ 250 ಬಾರ್‌ವರೆಗೆ. ಮಂಗಳೂರು ಮತ್ತು ಉಡುಪಿ ಜಿಲ್ಲೆಯ ಪಾದೂರಿನಲ್ಲಿಯೂ ಬಂಡೆಗುಹೆಗಳಿವೆ, ಆದರೆ ಅಲ್ಲಿರುವುದು ಕಚ್ಚಾತೈಲ. ಕವಚವಿಲ್ಲದ ಆ ಗುಹೆಗಳಲ್ಲಿ ತೈಲವನ್ನು ತಡೆದಿಟ್ಟಿರುವುದು ಸುತ್ತಲಿನ ಅಂತರ್ಜಲದ ಒತ್ತಡ. 250 ಬಾರ್‌ನ ಜಲಜನಕಕ್ಕೆ ಆ ತಡೆ ಸಾಲದು.