ಜೋಕಾಲಿ ಮತ್ತು ಜಾಲ: ಹಾನಗಲ್ ಸೀಮೆಯಿಂದ ವಿದ್ಯುತ್ ಚರಿತ್ರೆಯ ಒಂದು ಅವಲೋಕನ

ಕರ್ನಾಟಕದ ವಿದ್ಯುತ್ ಚರಿತ್ರೆಯನ್ನು ಸಾಮಾನ್ಯವಾಗಿ ಅಣೆಕಟ್ಟು, ಯಂತ್ರ ಹಾಗೂ ಮೆಗಾವ್ಯಾಟ್‌ಗಳ ಲೆಕ್ಕದಲ್ಲಿ ನಿರೂಪಿಸಲಾಗಿದೆ. ದೂರದೂರದ ಜನರೇಟರುಗಳನ್ನು ಒಂದೇ ಲಯದಲ್ಲಿ ಹಿಡಿದಿಡುವ ಸಮಸ್ಯೆಗೆ ಆ ನಿರೂಪಣೆಯಲ್ಲಿ ಸ್ಥಾನ ಕಡಿಮೆ. ಜಾನಪದ ಅಧ್ಯಯನದ ನೆಲೆಯಿಂದ ಈ ಸಮಸ್ಯೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಅಂದು ಮೂಲ ಒಂದು, ಮುಖ್ಯ ಬಳಕೆದಾರನೂ ಒಬ್ಬ. 1948ರಲ್ಲಿ ಜೋಗದ ಕೇಂದ್ರ, 1960ರ ದಶಕದಲ್ಲಿ ಶರಾವತಿ ಯೋಜನೆ ಸೇರಿ ಜಾಲ ಹಿಗ್ಗಿತು. 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಹಾನಗಲ್ 1997ರಲ್ಲಿ ಹಾವೇರಿ ಜಿಲ್ಲೆಯ ಭಾಗವಾಯಿತು. 2002ರಿಂದ ಇಲ್ಲಿನ ವಿತರಣೆ ಹೆಸ್ಕಾಂನದು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಏಕಲಯಕ್ಕೆ ಬಂದಿತು.

ಜಾಲದಲ್ಲಿ ದೋಷ ಸಂಭವಿಸಿದಾಗ ಜನರೇಟರುಗಳು ಪರಸ್ಪರ ಹಿಂದುಮುಂದು ತೂಗುತ್ತವೆ. ಪ್ರದೇಶ ಪ್ರದೇಶಗಳ ನಡುವಣ ತೂಗಾಟವು ಸೆಕೆಂಡಿಗೆ ಒಂದು ಆವರ್ತಕ್ಕಿಂತಲೂ ನಿಧಾನ. ಉದ್ದನೆಯ ಮಾರ್ಗ, ಅಧಿಕ ಹೊರೆ ಹಾಗೂ ಚುರುಕಾದ ವೋಲ್ಟೇಜ್ ನಿಯಂತ್ರಕಗಳು ಕೂಡಿದರೆ ಅದು ತಗ್ಗುವ ಬದಲು ಹೆಚ್ಚಬಹುದು. ಅದನ್ನು ತಗ್ಗಿಸಲು ಪವರ್ ಸಿಸ್ಟಮ್ ಸ್ಟೆಬಿಲೈಜರ್ ಎಂಬ ಸಾಧನವು ಎಕ್ಸೈಟೇಷನ್ ವ್ಯವಸ್ಥೆಗೆ ಸರಿಹೊತ್ತಿನ ಸಂಕೇತ ನೀಡುತ್ತದೆ. ಸಂಕೇತಕ್ಕೂ ಪರಿಣಾಮಕ್ಕೂ ನಡುವಿನ ವಿಳಂಬವನ್ನು ಸರಿದೂಗಿಸುವುದೇ ಹೊಂದಾಣಿಕೆಯ ತಿರುಳು.

ನಾಗರಪಂಚಮಿಯಲ್ಲಿ ಮರದ ಕೊಂಬೆಗೆ ಜೋಕಾಲಿ ಕಟ್ಟುವ ಈ ಸೀಮೆಯವರಿಗೆ ಇದು ಅಪರಿಚಿತವಲ್ಲ. ಅದೇ ಬಲದ ಕೈ, ಜೋಕಾಲಿ ಮುಂದೆ ಸಾಗುವಾಗ ತಳ್ಳಿದರೆ ಜೀಕು ಏರುತ್ತದೆ. ಎದುರು ಬರುವಾಗ ಒತ್ತಿದರೆ ಇಳಿಯುತ್ತದೆ. ಹಗ್ಗದ ಉದ್ದ ಬದಲಾದರೆ ಹೊತ್ತೂ ಬದಲಾಗುತ್ತದೆ. ಹಾಗೆಯೇ ಜಾಲ ಬೆಳೆದಾಗ ಹಳೆಯ ಹೊಂದಾಣಿಕೆಯನ್ನು ಮರುಪರೀಕ್ಷಿಸಬೇಕಾಗುತ್ತದೆ. ಆದರೆ ಹೋಲಿಕೆಗೆ ಮಿತಿಯುಂಟು: ಜಾಲವೆಂಬುದು ಒಂದು ಜೋಕಾಲಿಯಲ್ಲ, ಒಂದೇ ಕೊಂಬೆಗೆ ಕಟ್ಟಿದ ಹಲವು ಜೋಕಾಲಿಗಳು, ಒಂದರ ತೂಗು ಇನ್ನೊಂದನ್ನು ಕದಲಿಸುತ್ತದೆ.

2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದಾಗ ದಕ್ಷಿಣ ಉಳಿದುಕೊಂಡಿತು. ಆಗ ಅದು ಏಕಲಯದ ನಂಟಿನಲ್ಲಿರಲಿಲ್ಲ. ಇಂದು ಆ ಅಂತರವಿಲ್ಲ. ನೆರವು ದೂರದಿಂದ ಬರುವಂತೆ ಆಪತ್ತೂ ದೂರದಿಂದ ಬರಬಲ್ಲದು. ಹಾನಗಲ್ಲಿನ ರೈತನ ಪಂಪ್‌ಸೆಟ್ಟು ನಡೆಯುವುದು ತಾನು ಕಾಣದ ಈ ಸಮತೋಲನದ ಬಲದಿಂದಲೇ.

ಯಂತ್ರಗಳ ದಾಖಲೆ ಕಡತಗಳಲ್ಲಿ ಉಳಿಯುತ್ತದೆ. ಕೇಂದ್ರಗಳಲ್ಲಿ ಪಾಳಿಯಿಂದ ಪಾಳಿಗೆ ಬಾಯಿಮಾತಿನಲ್ಲಿ ಸಾಗುವ ಅನುಭವಜ್ಞಾನವು ಅದನ್ನು ಬಲ್ಲವರು ನಿವೃತ್ತರಾದಂತೆ ಕರಗುತ್ತದೆ. ಕೃಷಿ ಹಾಗೂ ಕುಶಲಕರ್ಮಗಳ ವೃತ್ತಿಜ್ಞಾನವನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರು ಈ ವೃತ್ತಿಯತ್ತಲೂ ಗಮನ ಹರಿಸುವುದು ಅವಶ್ಯವಾಗಿದೆ.