ಮಗ್ಗದಿಂದ ಬಿಆರ್‌ಸಿ ಕೋಣೆಯವರೆಗೆ: ಆಕ್ಯುಪೇಷನಲ್ ಥೆರಪಿ ನಮ್ಮ ಜಿಲ್ಲೆಗಳಿಗೆ ಬಂದ ದಾರಿ

ಡಾಕ್ಟರು ಚೀಟಿಯಲ್ಲಿ 'ಆಕ್ಯುಪೇಷನಲ್ ಥೆರಪಿ ಕೊಡಿಸಿ' ಎಂದು ಬರೆದರೆ ನಮ್ಮ ಕಡೆಯ ತಂದೆತಾಯಿಗಳಿಗೆ ಮೊದಲು ಹುಟ್ಟುವ ಪ್ರಶ್ನೆ, 'ಇಷ್ಟು ಚಿಕ್ಕ ಮಗೂಗೆ ಎಂಥಾ ಉದ್ಯೋಗ ಮೇಷ್ಟ್ರೇ?' ಎಂಬುದು. ತಪ್ಪು ಅವರದಲ್ಲ. ನಮ್ಮ ಪುಸ್ತಕದ ಕನ್ನಡ ಇದನ್ನು 'ಔದ್ಯೋಗಿಕ ಚಿಕಿತ್ಸೆ' ಎಂದು ಕರೆದು ಕೈ ತೊಳೆದುಕೊಂಡಿದೆ. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲಸಿ ಬಾಯಿಗಿಡುವುದು, ಬಳಪ ಹಿಡಿಯುವುದು, ತರಗತಿಯ ಗದ್ದಲದಲ್ಲಿ ಕಿವಿ ಮುಚ್ಚಿಕೊಳ್ಳದೆ ಕೂರುವುದು... ಇವೇ ಮಗುವಿನ ಉದ್ಯೋಗ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ವಿಕಲತೆ ಇರುವ ಮಗುವಿಗೆ ಈ ಕೆಲಸಗಳನ್ನು ಬಿಡಿಬಿಡಿಯಾಗಿ ಒಡೆದು, ಕೈಗೆ ಕಣ್ಣಿಗೆ ಅಭ್ಯಾಸ ಮಾಡಿಸುವ ವಿದ್ಯೆಯೇ ಈ ಥೆರಪಿ.

ಈ ವಿದ್ಯೆ ಎಲ್ಲಿಂದ ಬಂತು, ಸೇಲಂ ಮತ್ತು ಧರ್ಮಪುರಿ ಕಡೆಗೆ ಹೇಗೆ ಬಂತು, ಅದರ ಖರ್ಚನ್ನು ಯಾರು ಹೊರುತ್ತಾರೆ ಎಂಬ ಚರಿತ್ರೆ ತಿಳಿದಿದ್ದರೆ ಕಚೇರಿಯ ಬಾಗಿಲಲ್ಲಿ ನಿಂತಾಗ ಕೇಳುವ ಧೈರ್ಯ ಬರುತ್ತದೆ. ಅದಕ್ಕಾಗಿ ಈ ಬರಹ.

1917ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಊರಿನಲ್ಲಿ ಕೆಲವೇ ಜನ ಸೇರಿ ಈ ಚಿಕಿತ್ಸೆಗಾಗಿ ಒಂದು ಸಂಘ ಕಟ್ಟಿದರು. ಜಾರ್ಜ್ ಬಾರ್ಟನ್ ಎಂಬ ಕಟ್ಟಡ ಶಿಲ್ಪಿ, ವಿಲಿಯಂ ಡಂಟನ್ ಎಂಬ ಮನೋವೈದ್ಯರು, ಎಲೀನರ್ ಕ್ಲಾರ್ಕ್ ಸ್ಲಾಗಲ್ ಎಂಬ ಸಮಾಜ ಸೇವಕಿ ಅವರಲ್ಲಿ ಪ್ರಮುಖರು. ಕೈಗೆ ಅರ್ಥವುಳ್ಳ ಕೆಲಸ ಕೊಟ್ಟರೆ ರೋಗಿಯ ದೇಹವೂ ಮನಸ್ಸೂ ಚೇತರಿಸುತ್ತವೆ ಎಂಬುದು ಅವರ ನಂಬಿಕೆ. ಆಗ ಅವರ ಕೈಯಲ್ಲಿದ್ದ ಸಾಧನಗಳು ಬುಟ್ಟಿ ಹೆಣಿಗೆ, ಮರಗೆಲಸ, ತೋಟ ಮತ್ತು ಕೈಮಗ್ಗ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೆ ಇದೇ ಚಿಕಿತ್ಸೆ ನಡೆಯಿತು.

ಕೈಮಗ್ಗ ಎಂದಾಗ ಸೇಲಂನವರು ನಗಬೇಕು. ಸೇಲಂ ಪಟ್ಟಣದಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ. ಮಗ್ಗದ ಮುಂದೆ ಕೂತವನ ಕೈ ಲಾಳಿ ಎಸೆಯುತ್ತದೆ, ಕಾಲು ತುಳಿಯುತ್ತದೆ, ಕಣ್ಣು ಎಳೆ ಕಾಯುತ್ತದೆ, ಬೆನ್ನು ನೆಟ್ಟಗಿರುತ್ತದೆ. ಎರಡು ಕೈಯೂ ಕಣ್ಣೂ ಒಟ್ಟಿಗೆ ದುಡಿಯುವುದನ್ನು ಕಲಿಸಲು ಆಸ್ಪತ್ರೆಗಳು ಮಗ್ಗವನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ದೊಡ್ಡ ಹೆಸರಿನ ಈ ಥೆರಪಿ ನಮ್ಮ ಮನೆಯ ದುಡಿಮೆಗೆ ಹೊರಗಿನದೇನೂ ಅಲ್ಲ.

ಮಕ್ಕಳ ಚಿಕಿತ್ಸೆ ಬೆಳೆದದ್ದು ಆಮೇಲೆ. ಲಂಡನ್ನಿನಲ್ಲಿ ಬರ್ಟಾ ಮತ್ತು ಕಾರೆಲ್ ಬೊಬಾತ್ ದಂಪತಿಗಳು 1940ರ ದಶಕದಿಂದ ಸೆರೆಬ್ರಲ್ ಪಾಲ್ಸಿಯ ಮಕ್ಕಳ ಬಿಗಿದ ಸ್ನಾಯುಗಳನ್ನು ಸರಿಯಾದ ಭಂಗಿಯಿಂದ ಪಳಗಿಸುವ ಕ್ರಮ ರೂಪಿಸಿದರು. ಅಮೆರಿಕದ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸ್ಪರ್ಶ, ಸಮತೋಲ, ಸದ್ದು ಇವನ್ನೆಲ್ಲ ಮಿದುಳು ಹೊಂದಿಸಿಕೊಳ್ಳುವ ರೀತಿಗೂ ಕಲಿಕೆಗೂ ಇರುವ ಸಂಬಂಧವನ್ನು ವಿವರಿಸಿದರು. ಇಂದು ಥೆರಪಿ ಕೋಣೆಗಳಲ್ಲಿ ಕಾಣುವ ಜೋಲಿ, ದೊಡ್ಡ ಚೆಂಡು, ಒರಟು ಚಾಪೆಗಳ ಹಿಂದೆ ಇರುವುದು ಆಕೆಯ ವಿಚಾರ.

ಇನ್ನು ಭಾರತಕ್ಕೆ ಬರೋಣ. ಎಲಿಜಬೆತ್ ಲಂಡಿ ಎಂಬ ಅಮೆರಿಕದ ಹೆಣ್ಣುಮಗಳು ವಿಷ್ಣು ನಿಂಬಕರ್ ಅವರನ್ನು ಮದುವೆಯಾಗಿ ಇಲ್ಲಿಗೆ ಬಂದು ಕಮಲಾ ನಿಂಬಕರ್ ಆದರು. 1950ರಲ್ಲಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಅವರು ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದರು. ಏಷ್ಯಾದಲ್ಲೇ ಅದು ಮೊದಲನೆಯದು. 1952ರಲ್ಲಿ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ಸ್ಥಾಪನೆಯಾದ ವಿಶ್ವ ಒಕ್ಕೂಟದ ಹತ್ತು ಸ್ಥಾಪಕ ದೇಶಗಳಲ್ಲಿ ಭಾರತವೂ ಒಂದಾಯಿತು.

ನಮಗೆ ಹತ್ತಿರದ ಕಥೆ ವೇಲೂರಿನದು. ಅಲ್ಲಿನ ಸಿಎಂಸಿ ಆಸ್ಪತ್ರೆಗೆ 1946ರಲ್ಲಿ ಬಂದ ಡಾ. ಪಾಲ್ ಬ್ರಾಂಡ್ ಕುಷ್ಠರೋಗದಿಂದ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬೆರಳು ನೆಟ್ಟಗಾದರೂ ಆ ಬೆರಳಿಂದ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕಾಗಿ 1951ರಲ್ಲಿ ಹಳ್ಳಿಯ ರೀತಿಯಲ್ಲೇ ಒಂದು ನೆಲೆ ಕಟ್ಟಿ, ಗುಣವಾದ ಕೈಗಳಿಗೆ ಕೆಲಸ ಕಲಿಸಿದರು. ಅದೇ ಸಂಸ್ಥೆಯ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡರು. ಗಾಲಿಕುರ್ಚಿಯಲ್ಲೇ ಕೂತು ಆಪರೇಷನ್ ಮಾಡಿದರು, ಪುನರ್ವಸತಿ ವೈದ್ಯಕೀಯ ಕಲಿತರು, ಆ ವಿಭಾಗದ ಮುಖ್ಯಸ್ಥೆಯಾದರು. 1966ರಲ್ಲಿ ಅಲ್ಲಿ ಪುನರ್ವಸತಿ ಸಂಸ್ಥೆ ತೆರೆಯಿತು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಅಂಗವಿಕಲರ ಸಂಸ್ಥೆ ಎಪಿಡಿಯನ್ನು ಕಟ್ಟಿದರು. ಅವರೂ ಗಾಲಿಕುರ್ಚಿಯಲ್ಲಿದ್ದವರೇ. ತೆಂಕಾಸಿ ಬಳಿಯ ಆಯಿಕುಡಿ ಎಂಬ ಹಳ್ಳಿಯಲ್ಲಿ 1981ರಲ್ಲಿ ಅಮರ್ ಸೇವಾ ಸಂಗಮ್ ಆರಂಭಿಸಿದ ಎಸ್. ರಾಮಕೃಷ್ಣನ್, 1975ರಲ್ಲಿ ಬೆಂಗಳೂರಿನಲ್ಲಿ ನೌಕಾಪಡೆಯ ಆಯ್ಕೆ ಪರೀಕ್ಷೆಯ ವೇಳೆ ಬಿದ್ದು ಕುತ್ತಿಗೆಯ ಕೆಳಗೆ ಸ್ವಾಧೀನ ಕಳೆದುಕೊಂಡವರು. ಇದನ್ನೆಲ್ಲ ಏಕೆ ಹೇಳಿದೆ ಎಂದರೆ, ಈ ಭಾಗದಲ್ಲಿ ಪುನರ್ವಸತಿ ಸೇವೆ ಸರಕಾರದ ಆದೇಶದಿಂದ ಮೊದಲಾಗಲಿಲ್ಲ. ಬೇಕಾದವರು ತಾವೇ ಎದ್ದು ಕಟ್ಟಿದ್ದರಿಂದ ಮೊದಲಾಯಿತು.

ಈಗ ನಮ್ಮ ಜಿಲ್ಲೆಗಳನ್ನು ನೋಡೋಣ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಬಾರಾಮಹಲ್ ಮೈಸೂರಿನ ಆಳ್ವಿಕೆಯಲ್ಲಿತ್ತು. 1799ರಲ್ಲಿ ಟಿಪ್ಪುವಿನ ಪತನದ ನಂತರ ಹೊಸೂರು ಸೀಮೆಯೂ ಕಂಪನಿಗೆ ಸೇರಿತು. ಗಡಿ ಸರಿಯಿತು, ಮನೆಮಾತು ಉಳಿಯಿತು. ಆಮೇಲೆ ಇದೆಲ್ಲ ಒಂದೇ ಸೇಲಂ ಜಿಲ್ಲೆ. 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆ ಜಿಲ್ಲೆಯಾಯಿತು. 2004ರ ಫೆಬ್ರವರಿಯಲ್ಲಿ ಅದರಿಂದ ಕೃಷ್ಣಗಿರಿ ಬೇರೆಯಾಗಿ ಹೊಸೂರು ಅತ್ತ ಹೋಯಿತು. ಜಿಲ್ಲೆ ಒಡೆದಷ್ಟೂ ಕಲೆಕ್ಟರ್ ಕಚೇರಿ ಹತ್ತಿರವಾಯಿತು. ಥೆರಪಿ ಮಾತ್ರ ಅದೇ ವೇಗದಲ್ಲಿ ಹತ್ತಿರ ಬರಲಿಲ್ಲ. ವೇಲೂರು, ಚೆನ್ನೈ, ಇಲ್ಲವೇ ಬೆಂಗಳೂರು ಎಂಬುದೇ ಬಹಳ ಕಾಲದ ಉತ್ತರವಾಗಿತ್ತು.

ಬದಲಾವಣೆ ಬಂದದ್ದು ಶಾಲೆಯ ಮೂಲಕ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಲ್ಲೇ ಇತ್ತು, ಆದರೆ ನಮ್ಮ ಹಳ್ಳಿಗಳಿಗೆ ಅದರ ಬಿಸಿ ತಟ್ಟಲಿಲ್ಲ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಆರಂಭವಾದಾಗ ತಮಿಳುನಾಡಿನಲ್ಲಿ ಆರಿಸಿದ ಮೊದಲ ಜಿಲ್ಲೆಗಳಲ್ಲಿ ಧರ್ಮಪುರಿ ಒಂದು. ಹೆಣ್ಣುಮಕ್ಕಳ ಸಾಕ್ಷರತೆ ಕಡಿಮೆ ಎಂಬ ಕೊರತೆಯೇ ಇಲ್ಲಿ ಅದೃಷ್ಟವಾಯಿತು! ಬ್ಲಾಕ್ ಸಂಪನ್ಮೂಲ ಕೇಂದ್ರ, ನಾವು ಬಿಆರ್‌ಸಿ ಎನ್ನುವುದು, ಆ ಕಾಲದ ಕೊಡುಗೆ. 2001ರ ಸರ್ವ ಶಿಕ್ಷಾ ಅಭಿಯಾನ, 2018ರಿಂದ ಸಮಗ್ರ ಶಿಕ್ಷಾ ಅದೇ ಕೇಂದ್ರಗಳನ್ನು ಬಳಸಿಕೊಂಡವು. ವಿಶೇಷ ಶಿಕ್ಷಕರು, ಥೆರಪಿ ದಿನಗಳು, ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಪಾಠ, ಇವೆಲ್ಲ ನಡೆಯುವುದು ಆ ಮೂಲಕವೇ.

ಜೊತೆಗೆ ಕಾನೂನು ಬಂತು. 1995ರ ಅಂಗವಿಕಲರ ಕಾಯ್ದೆ, 1999ರ ರಾಷ್ಟ್ರೀಯ ಟ್ರಸ್ಟ್ ಕಾಯ್ದೆ, 2009ರ ಶಿಕ್ಷಣ ಹಕ್ಕು ಕಾಯ್ದೆ, ಕೊನೆಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಈ ಕೊನೆಯ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಶೇ. 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಆದರೆ ಪುನರ್ವಸತಿ ಸೇವೆಯ ಕಲಂನಲ್ಲಿ ಸರಕಾರ ತನ್ನ 'ಆರ್ಥಿಕ ಸಾಮರ್ಥ್ಯದ' ಮಿತಿಯೊಳಗೆ ಒದಗಿಸಬೇಕು ಎಂಬ ಮಾತೂ ಸೇರಿದೆ. ಶಾಲೆ ಹಕ್ಕು, ಥೆರಪಿ ಸಾಮರ್ಥ್ಯವಿದ್ದಷ್ಟು! ನಮ್ಮ ಮಕ್ಕಳು ಸಿಕ್ಕಿಬಿದ್ದಿರುವುದು ಈ ಎರಡು ಮಾತುಗಳ ನಡುವೆ.

ದುಡ್ಡಿನ ವಿಷಯಕ್ಕೆ ಬರೋಣ. ಸಮಗ್ರ ಶಿಕ್ಷಾ ಯೋಜನೆಯ ಲೆಕ್ಕದಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ 3,500 ರೂ. ಅದು ಪೋಷಕರ ಕೈಗೆ ಬರುವ ಹಣವಲ್ಲ, ಜಿಲ್ಲೆಯ ಮಟ್ಟದಲ್ಲಿ ಸೇವೆಗೆ ಖರ್ಚಾಗುವ ಹಣ. ತಿಂಗಳಿಗೆ ಭಾಗಿಸಿದರೆ 300 ರೂಪಾಯಿಗೂ ಕಡಿಮೆ. ತಮಿಳುನಾಡು ಸರಕಾರ ತೀವ್ರ ಅಂಗವೈಕಲ್ಯ ಅಥವಾ ಬೌದ್ಧಿಕ ವಿಕಲತೆ ಇರುವವರಿಗೆ ತಿಂಗಳಿಗೆ 2,000 ರೂ. ನಿರ್ವಹಣಾ ಭತ್ಯೆ ಕೊಡುತ್ತದೆ. ರಾಷ್ಟ್ರೀಯ ಟ್ರಸ್ಟಿನ 'ನಿರಾಮಯ' ವಿಮೆ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ 1 ಲಕ್ಷ ರೂ.ವರೆಗೆ. ಆಸ್ಪತ್ರೆಗೆ ದಾಖಲಾಗದಿದ್ದರೂ ಥೆರಪಿಯ ಬಿಲ್ಲಿಗೆ ಅದರಲ್ಲಿ ಒಂದು ಮಿತಿಯೊಳಗೆ ಹಣ ಸಿಗುತ್ತದೆ. 2013ರಲ್ಲಿ ಬಂದ ಆರ್‌ಬಿಎಸ್‌ಕೆ ಯೋಜನೆಯಲ್ಲಿ ಅಂಗನವಾಡಿ ಮತ್ತು ಶಾಲೆಗೆ ಬರುವ ವೈದ್ಯ ತಂಡ ಮಗುವನ್ನು ಉಚಿತವಾಗಿ ಪರೀಕ್ಷಿಸಿ ಮುಂದಿನ ಚಿಕಿತ್ಸೆಗೆ ಕಳಿಸಬೇಕು. ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ 2021ರಿಂದ ಹೆಂಗಸರಿಗೂ, ಅಂಗವಿಕಲರಿಗೂ, ಅವರ ಜೊತೆಗಾರರೊಬ್ಬರಿಗೂ ಟಿಕೆಟ್ ಇಲ್ಲ.

ಹೊಸ ಅಧ್ಯಾಯವೂ ಇದೆ. 2022ರಲ್ಲಿ ವಿಶ್ವ ಬ್ಯಾಂಕು ತಮಿಳುನಾಡಿನ 'ರೈಟ್ಸ್' ಯೋಜನೆಗೆ 16.2 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಮೊದಲ ಹಂತದ ಜಿಲ್ಲೆಗಳಲ್ಲಿ ಧರ್ಮಪುರಿಯೂ ಸೇರಿತ್ತು. ಇದರಡಿ ತೆರೆಯುತ್ತಿರುವ ಕೇಂದ್ರಗಳಿಗೆ 'ವಿಳುದುಗಳ್' ಎಂದು ಹೆಸರು. ನಮ್ಮ ಮಾತಿನಲ್ಲಿ ಆಲದ ಬಿಳಲುಗಳು. ಆಕ್ಯುಪೇಷನಲ್ ಥೆರಪಿ, ಫಿಸಿಯೋಥೆರಪಿ, ಮಾತಿನ ತರಬೇತಿ ಎಲ್ಲ ಒಂದೇ ಸೂರಿನಡಿ ಕೊಡುವುದು ಇದರ ಉದ್ದೇಶ. ಸಂಚಾರಿ ವಾಹನಗಳೂ ಇವೆ.

ಗಡಿಯವರಾದ ನಾವು ಒಂದು ಮಾತು ಗಟ್ಟಿಯಾಗಿ ತಿಳಿದಿರಬೇಕು. ಕೆಲವು ಕಾಗದ ಗಡಿ ದಾಟುತ್ತವೆ, ಕೆಲವು ದಾಟುವುದಿಲ್ಲ. ಯುಡಿಐಡಿ ಕಾರ್ಡು, ನಿರಾಮಯ ವಿಮೆ ಇಡೀ ದೇಶಕ್ಕೆ ಸಲ್ಲುತ್ತವೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಕೇಂದ್ರ ಸರಕಾರದವು. ಅಲ್ಲಿಗೆ ಯಾವ ರಾಜ್ಯದವರೂ ಹೋಗಬಹುದು, ಕನ್ನಡದಲ್ಲೇ ಮಾತಾಡಬಹುದು. ಆದರೆ ಕರ್ನಾಟಕದ ಮಾಸಾಶನ ತಮಿಳುನಾಡಿನ ರೇಷನ್ ಕಾರ್ಡಿನವರಿಗೆ ಇಲ್ಲ. ನಮ್ಮ ಭತ್ಯೆ, ಬಸ್ ಪಾಸು ಸಿಗುವುದು ಕಲೆಕ್ಟರ್ ಕಚೇರಿಯ ಆವರಣದಲ್ಲಿ, 'ಮಾವಟ್ಟ ಮಾಟ್ರುತ್ತಿರನಾಳಿಗಳ್ ನಲ ಅಲುವಲಗಂ' ಎಂಬ ತಮಿಳು ಬೋರ್ಡಿನ ಕೆಳಗೇ. ಮಗು ಕನ್ನಡ ಮಾಧ್ಯಮದಲ್ಲಿ ಓದುತ್ತದೆ ಎಂಬ ಕಾರಣಕ್ಕೆ ಇವುಗಳಲ್ಲಿ ಒಂದು ಪೈಸೆಯೂ ಕಡಿಮೆಯಾಗುವಂತಿಲ್ಲ.

ಆದರೂ ಕೊರತೆ ಇದೆ. ಥೆರಪಿ ಒಂದು ದಿನದ ಸೂಜಿಮದ್ದಲ್ಲ, ವಾರ ವಾರ, ವರ್ಷಗಟ್ಟಲೆ ನಡೆಯಬೇಕು. ಬಸ್ಸಿಗೆ ಟಿಕೆಟ್ ಇಲ್ಲದಿದ್ದರೂ ತಾಯಿಯ ಅಂದಿನ ಕೂಲಿ ಹೋಗುತ್ತದೆ. ಆ ಕೂಲಿಯನ್ನು ತುಂಬಿಕೊಡಲೆಂದೇ ಇರುವ ಕಲಂ ಮೇಲೆ ಹೇಳಿದ ಯಾವ ಯೋಜನೆಯಲ್ಲೂ ಇಲ್ಲ. ಮಕ್ಕಳು ಥೆರಪಿ ಅರ್ಧಕ್ಕೇ ಬಿಡುವುದು ಸಾಮಾನ್ಯವಾಗಿ ಇಲ್ಲೇ. 'ಮನೆಯಲ್ಲೇ ಮಾಡಿಸಿ ಅಮ್ಮ' ಎಂದು ಹೇಳಿ ಕಳಿಸುವುದು ಸುಲಭ. ಮನೆಯಲ್ಲಿ ಮಾಡಿಸಬೇಕು ನಿಜ, ಮಗ್ಗದಿಂದ ಹುಟ್ಟಿದ ವಿದ್ಯೆ ಮನೆಗೆ ಒಗ್ಗುತ್ತದೆ. ಕಡಲೆಕಾಯಿ ಬಿಡಿಸುವುದು, ಹೂ ಪೋಣಿಸುವುದು, ಚಪಾತಿ ಹಿಟ್ಟು ಮಿದಿಯುವುದು ಒಳ್ಳೆಯ ಅಭ್ಯಾಸಗಳೇ. ಆದರೆ ಯಾವ ಮಗುವಿಗೆ ಯಾವುದು, ಎಷ್ಟು, ಯಾವ ಭಂಗಿಯಲ್ಲಿ ಎಂದು ಹೇಳಲು ಕಲಿತವರು ಬೇಕು. ತಾಯಿ ಥೆರಪಿಸ್ಟಿನ ಕೈ ಜೋಡಿಸಬಹುದು, ಖಾಲಿ ಹುದ್ದೆಯನ್ನು ತುಂಬಲಾರಳು.

ಶಾಲೆಯವರಾದ ನಾವು ಮಾಡಬಹುದಾದದ್ದು ಇಷ್ಟು. ಥೆರಪಿಸ್ಟ್ ತಮಿಳಿನಲ್ಲಿ ಹೇಳಿದ್ದನ್ನು ಒಂದು ನೋಟ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದು ಮನೆಗೆ ಕಳಿಸೋಣ. ಮನೆಯಲ್ಲಿ ಕಂಡದ್ದನ್ನು ತಮಿಳಿನಲ್ಲಿ ಬರೆದು ಅವರಿಗೆ ಕಳಿಸೋಣ. ಬಿಆರ್‌ಸಿಯ ಪಟ್ಟಿಯಲ್ಲಿ ನಮ್ಮ ಶಾಲೆಯ ಮಗುವಿನ ಹೆಸರಿದೆಯೇ ಎಂದು ಜೂನ್ ತಿಂಗಳಲ್ಲೇ ನೋಡೋಣ. ಇಲ್ಲದಿದ್ದರೆ ಸೋಮವಾರದ ಕುಂದುಕೊರತೆ ದಿನ ಕಲೆಕ್ಟರ್ ಕಚೇರಿಯಲ್ಲಿ ಅರ್ಜಿ ಕೊಟ್ಟು ರಸೀತಿ ಪಡೆಯೋಣ. ವೇಲೂರಿನಲ್ಲಾಗಲಿ ಆಯಿಕುಡಿಯಲ್ಲಾಗಲಿ ಬಾಗಿಲು ತಾನಾಗಿ ತೆರೆದದ್ದಲ್ಲ. ನಮ್ಮ ಊರಿನ ಬಾಗಿಲನ್ನೂ ಯಾರಾದರೂ ತಟ್ಟಬೇಕು.