ಕಚ್ಚಾ ನೀರಿನ ದಾರಿ: ಹೆಸರಘಟ್ಟದಿಂದ ತೊರೆಕಾಡನಹಳ್ಳಿಗೆ

ನಗರದ ನೀರಿನ ಕಥೆ ಹೇಳುವವರು ಸಾಮಾನ್ಯವಾಗಿ ಜಲಾಶಯದಿಂದ ಆರಂಭಿಸಿ ನೇರವಾಗಿ ನಲ್ಲಿಗೆ ಬರುತ್ತಾರೆ. ನಡುವೆ ಮಣ್ಣಿನಡಿ ಮಲಗಿರುವ ಕೊಳವೆಯ ಬಗ್ಗೆ ಮಾತು ಕಡಿಮೆ. ಆದರೆ ಯೋಜನೆಯ ಕಠಿಣ ಪ್ರಶ್ನೆಗಳು ಏಳುವುದು ಅಲ್ಲಿಯೇ. ಶೋಧಿಸದ ನೀರನ್ನು, ಅಂದರೆ ಕಚ್ಚಾ ನೀರನ್ನು, ಎಲ್ಲಿಯವರೆಗೆ ಒಯ್ಯಬೇಕು? ಎಲ್ಲಿ ಶುದ್ಧೀಕರಿಸಬೇಕು? ಎಲ್ಲಿಂದ ಮೇಲೆತ್ತಬೇಕು? ಬೆಂಗಳೂರು ಇವಕ್ಕೆ ಎರಡು ಕಾಲದಲ್ಲಿ ಎರಡು ಬಗೆಯ ಉತ್ತರ ಕಂಡುಕೊಂಡಿತು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಪಕ್ಕದಲ್ಲಿ ದೊಡ್ಡ ನದಿ ಯಾವುದೂ ಇಲ್ಲ. 19ನೆಯ ಶತಮಾನದ ಕೊನೆಯವರೆಗೂ ಊರು ಧರ್ಮಾಂಬುಧಿ, ಸಂಪಂಗಿ, ಹಲಸೂರು ಮೊದಲಾದ ಕೆರೆಗಳನ್ನೂ ಬಾವಿಗಳನ್ನೂ ನಂಬಿಕೊಂಡಿತ್ತು. ಕೆರೆಗಳು ಬತ್ತಿದರೆ ಬವಣೆ, ತುಂಬಿದರೂ ಕಾಲರಾದ ಭಯ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ಹಿಡಿದು ತರುವ ಯೋಜನೆ ರೂಪುಗೊಂಡು 1890ರ ದಶಕದಲ್ಲಿ ಕಾರ್ಯರೂಪಕ್ಕೆ ಬಂತು. ಅದಕ್ಕೆ ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಹೆಸರು. ಎರಡೂವರೆ ಲಕ್ಷ ಜನರಿಗೆ ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಲೆಕ್ಕ.

ಇದರ ಕೊಳವೆ ಮಾರ್ಗದ ಏರ್ಪಾಟನ್ನು ಗಮನಿಸಿ. ಕೆರೆಯಿಂದ ಸೋಲದೇವನಹಳ್ಳಿಯವರೆಗೆ ನೀರು ಗುರುತ್ವದಿಂದ ತಾನಾಗಿ ಹರಿಯುತ್ತಿತ್ತು. ಅಲ್ಲಿ ಉಗಿ ಯಂತ್ರಗಳು ಅದನ್ನು ಮಲ್ಲೇಶ್ವರದ ಕಡೆಯ ಎತ್ತರಕ್ಕೆ ತಳ್ಳುತ್ತಿದ್ದವು. ಉಗಿ ಏಕೆಂದರೆ ವಿದ್ಯುತ್ತು ಇನ್ನೂ ಇರಲಿಲ್ಲ. ಶಿವನಸಮುದ್ರದ ವಿದ್ಯುದಾಗಾರ ಆರಂಭವಾದದ್ದು 1902ರಲ್ಲಿ, ಬೆಂಗಳೂರಿನಲ್ಲಿ ದೀಪ ಉರಿದದ್ದು 1905ರಲ್ಲಿ.

ನೀರನ್ನು ಶೋಧಿಸುವ ಕೆಲಸ ನಗರದ ಅಂಚಿನಲ್ಲಿ, ಮಲ್ಲೇಶ್ವರದ ‘ಜುವೆಲ್ ಫಿಲ್ಟರ್ಸ್’ನಲ್ಲಿ ನಡೆಯುತ್ತಿತ್ತು. ಈ ಹೆಸರಿಗೂ ಒಡವೆಗೂ ಸಂಬಂಧವಿಲ್ಲ! ಜುವೆಲ್ ಎಂಬುದು ಅಮೆರಿಕದ ಶಿಕಾಗೋ ನಗರದ ಒಂದು ಶೋಧಕ ಕಂಪನಿಯ ಹೆಸರು. 1895–97ರಲ್ಲಿ ಲೂಯಿವಿಲ್ ನಗರದಲ್ಲಿ ಜಾರ್ಜ್ ಫುಲ್ಲರ್ ನಡೆಸಿದ ಪ್ರಸಿದ್ಧ ಪ್ರಯೋಗಗಳಲ್ಲಿ ಅದರ ಶೋಧಕವೂ ಪರೀಕ್ಷೆಗೆ ಒಳಗಾಗಿತ್ತು. ಅದಕ್ಕೆ ಮೊದಲು ಬಳಕೆಯಲ್ಲಿದ್ದ ನಿಧಾನ ಮರಳು ಶೋಧಕದಲ್ಲಿ ನೀರು ಗಂಟೆಗೆ 10–20 ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಒಂದು ನಗರಕ್ಕೆ ಬೇಕಾಗುವಷ್ಟು ನೀರು ಶೋಧಿಸಲು ಎಕರೆಗಟ್ಟಲೆ ಜಾಗ ಬೇಕು. ಪಟಿಕ ಬೆರೆಸಿ, ಮಣ್ಣಿನ ಸೂಕ್ಷ್ಮ ಕಣಗಳು ಗಂಟುಕಟ್ಟುವಂತೆ ಮಾಡಿದರೆ ಗಂಟೆಗೆ ಸುಮಾರು 5 ಮೀಟರ್ ವೇಗದಲ್ಲಿ ಶೋಧಿಸಬಹುದು. ಹೀಗೆ ಶುದ್ಧೀಕರಣ ಘಟಕ ಚಿಕ್ಕದಾಗಿ ಊರೊಳಗೇ ಬರಲು ಸಾಧ್ಯವಾಯಿತು. ಆದರೆ ಕೊಳವೆಯಲ್ಲಿ ಬರುತ್ತಿದ್ದುದು ಕೆಸರು ಸಹಿತವಾದ ನೀರೇ. ಉಗಿ ಯಂತ್ರಕ್ಕೆ ಹಾಕಿದ ಸೌದೆ, ಕಲ್ಲಿದ್ದಲಿನ ಒಂದು ಪಾಲು ಕೆಸರನ್ನು ಎತ್ತಲಿಕ್ಕೂ ಖರ್ಚಾಗುತ್ತಿತ್ತೆನ್ನಿ. ಎತ್ತರ ಹೆಚ್ಚಿಲ್ಲವಾದ್ದರಿಂದ ಅದು ದೊಡ್ಡ ನಷ್ಟವಾಗಿರಲಿಲ್ಲ.

ಯೋಜನೆ ಸೋತದ್ದು ಕೊಳವೆಯಲ್ಲಲ್ಲ, ಅದರ ಮೇಲ್ತುದಿಯಲ್ಲಿ. 1925ರಲ್ಲಿ ಹೆಸರಘಟ್ಟ ಕೆರೆ ಬತ್ತಿತು. ಯಂತ್ರ, ಕೊಳವೆ, ಶೋಧಕ ಎಲ್ಲವೂ ಸುಸ್ಥಿತಿಯಲ್ಲಿದ್ದು ನೀರೇ ಇಲ್ಲದ ಪರಿಸ್ಥಿತಿ. ಬಳಿಕ 1933ರಲ್ಲಿ ಅದೇ ಅರ್ಕಾವತಿಯ ಕೆಳಭಾಗದಲ್ಲಿ, ಕುಮುದ್ವತಿ ಸೇರುವ ತಿಪ್ಪಗೊಂಡನಹಳ್ಳಿಯಲ್ಲಿ ಚಾಮರಾಜಸಾಗರ ಕಟ್ಟಿದರು. ಆ ಹೊತ್ತಿಗೆ ಬೆಂಗಳೂರಿನ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. 1951ರ ಜನಗಣತಿಯಲ್ಲಿ ಅದು 7.8 ಲಕ್ಷ. ಚಿಕ್ಕ ನದಿಯೊಂದರ ಮೇಲೆ ಇನ್ನೊಂದು ಕಟ್ಟೆ ಕಟ್ಟಿ ಇದನ್ನು ಸರಿದೂಗಿಸುವುದು ಆಗದ ಮಾತು.

ಕಾವೇರಿಯತ್ತ ತಿರುಗಿದಾಗ ಲೆಕ್ಕವೇ ಬದಲಾಯಿತು. ಈಗ ದೂರ ಸುಮಾರು 100 ಕಿಲೋಮೀಟರ್. ಮೂರು ಹಂತಗಳ ಪಂಪುಗಳು ಒಟ್ಟಾಗಿ ಎದುರಿಸಬೇಕಾದ ಶೀರ್ಷ ಸುಮಾರು 500 ಮೀಟರ್. ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಒಂದು ಘನಮೀಟರ್, ಅಂದರೆ 1000 ಕಿಲೋಗ್ರಾಂ ನೀರನ್ನು 500 ಮೀಟರ್ ಎತ್ತಲು 1000 × 9.8 × 500 = 49 ಲಕ್ಷ ಜೂಲ್ ಬೇಕು. ಒಂದು ಯೂನಿಟ್ ವಿದ್ಯುತ್ತು 36 ಲಕ್ಷ ಜೂಲ್. ಅಂದರೆ ಸುಮಾರು 1.36 ಯೂನಿಟ್. ಪಂಪಿನ ದಕ್ಷತೆ ಶೇಕಡ 80 ಎಂದಿಟ್ಟುಕೊಂಡರೆ 1.7 ಯೂನಿಟ್. ದಿನಕ್ಕೆ 13.5 ಕೋಟಿ ಲೀಟರಿಗೆ ಎರಡು ಲಕ್ಷ ಮೂವತ್ತು ಸಾವಿರ ಯೂನಿಟ್!

ಇಂಥ ಬೆಲೆ ತೆತ್ತು ಕೆಸರನ್ನು ಯಾರು ಮೇಲೆ ತರುತ್ತಾರೆ? ಶೋಧಕಗಳನ್ನು ತೊಳೆಯಲು ಕಚ್ಚಾ ನೀರಿನ ನೂರಕ್ಕೆ ಎರಡರಿಂದ ಐದು ಪಾಲು ವ್ಯಯವಾಗುತ್ತದೆ. ಘಟಕ ಬೆಂಗಳೂರಿನಲ್ಲಿದ್ದರೆ ಅಷ್ಟನ್ನೂ ಎತ್ತಿ ತಂದು ಚೆಲ್ಲಬೇಕಾಗುತ್ತಿತ್ತು. ಆದ್ದರಿಂದ ಕ್ರಮ ತಲೆಕೆಳಗಾಯಿತು. ಶಿವ ಅಣೆಕಟ್ಟೆಯಿಂದ ತಿರುಗಿಸಿದ ನೀರು ನೆಟ್ಕಲ್ ಸಮತೋಲನ ಜಲಾಶಯ ಸೇರುತ್ತದೆ. ಅಲ್ಲಿಂದ ಗುರುತ್ವದಿಂದಲೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯ ಶುದ್ಧೀಕರಣ ಘಟಕಕ್ಕೆ ಹರಿಯುತ್ತದೆ. ಪಂಪು ಮುಟ್ಟುವುದು ತಿಳಿಯಾದ ನೀರನ್ನು ಮಾತ್ರ. ಅದು ಹಾರೋಹಳ್ಳಿ, ತಾತಗುಣಿಗಳ ಮೂಲಕ ನಗರ ತಲುಪುತ್ತದೆ. ದೂರದ ಪಯಣದಲ್ಲಿ ಅದು ಮತ್ತೆ ಮಲಿನವಾಗದಂತೆ ಕ್ಲೋರಿನ್ ಉಳಿಸಿಕೊಳ್ಳಬೇಕಾದದ್ದು ಈ ಏರ್ಪಾಟಿನ ಸುಂಕ.

ಕೊಳವೆಯ ವ್ಯಾಸವನ್ನು ಗೊತ್ತುಮಾಡುವುದೂ ಇದೇ ಬಗೆಯ ಚೌಕಾಸಿ. ಅಷ್ಟೇ ನೀರನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ಕಳಿಸಿದರೆ ಘರ್ಷಣೆಯ ನಷ್ಟ ಸುಮಾರು 32 ಪಟ್ಟಾಗುತ್ತದೆ. ಹಿರಿದಾದರೆ ಉಕ್ಕಿನ ಖರ್ಚು, ಕಿರಿದಾದರೆ ವಿದ್ಯುತ್ತಿನ ಖರ್ಚು.

ನಮ್ಮ ದೇಶದ ನೀರು ಸರಬರಾಜು ಎಂಜಿನಿಯರುಗಳ ಕೈಪಿಡಿ ಬಹುಕಾಲ ಅಣೆಕಟ್ಟಿಗೆ 50 ವರ್ಷ, ಕೊಳವೆ ಮಾರ್ಗಕ್ಕೆ 30, ಪಂಪಿಗೂ ಶುದ್ಧೀಕರಣ ಘಟಕಕ್ಕೂ 15 ವರ್ಷ ಎಂದು ಯೋಜನಾವಧಿ ಹಾಕಿಕೊಟ್ಟಿತ್ತು. ನದಿಗೆ ಇಂಥ ಅಂಕಿಯಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾನಯನ ಪ್ರದೇಶದಲ್ಲಿ ಊರು, ಕಾರ್ಖಾನೆ, ಕೊಳವೆಬಾವಿಗಳು ಹೆಚ್ಚಿ ಒಳಹರಿವು ಕುಗ್ಗಿತು, ಬಂದ ನೀರೂ ಕೆಟ್ಟಿತು. 2012ರಲ್ಲಿ ಅಲ್ಲಿಂದ ನಗರಕ್ಕೆ ನೀರೆತ್ತುವುದು ನಿಂತಿತು.

ಕಾವೇರಿಯ ಮೊದಲ ಹಂತ 1974ರಲ್ಲಿ 13.5 ಕೋಟಿ ಲೀಟರಿನೊಂದಿಗೆ ಆರಂಭವಾಯಿತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೆಯ ಹಂತವೊಂದರದ್ದೇ 77.5 ಕೋಟಿ ಲೀಟರ್. ಈ ನಡುವೆ ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕೊಳ್ಳದಲ್ಲಿದೆ, ನೀರಿನ ಅಗತ್ಯದ ಅರ್ಧ ಅಂತರ್ಜಲದಿಂದ ಬರುತ್ತದೆ ಎಂದು ಕಾವೇರಿ ನ್ಯಾಯಮಂಡಳಿ 2007ರಲ್ಲಿ ಎಣಿಸಿತ್ತು. 2018ರ ಫೆಬ್ರುವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪದೆ ನಗರದ ಪಾಲಿಗೆ 4.75 ಟಿಎಂಸಿ ನೀರನ್ನು ಸೇರಿಸಿತು.